ಮೂರನೇ ದಿನದ ಕೆಂಪು ಕಣ್ಣು

ನಮ್ಮ ನಾನಿಗೆ ಎರಡೂ ಕಣ್ಣಿಗೆ ಪೊರೆ. ಮನೆಯಲ್ಲಿ ನಾವು ಮೋತಿಯಾ ಅನ್ನುತ್ತೇವೆ. ಹೋದ ವರ್ಷ ಕ್ಯಾಂಪಿನವರು ಬಲಗಣ್ಣಿನ ಆಪರೇಷನ್ ಮಾಡಿಸಿ ಕುಂಚಾವರಂಗೆ ತಂದು ಬಿಟ್ಟರು. ಮೂರನೇ ದಿನ ಕಣ್ಣು ಕೆಂಪಾಯಿತು, ನೋವು ಹೆಚ್ಚಾಯಿತು, ಕಾಣುತ್ತಿದ್ದದ್ದು ಮತ್ತೆ ಮಸುಕಾಯಿತು. ಮಾಮು ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದರು. ಎರಡು ದಿನ ಅದನ್ನೇ ಹಾಕಿದೆವು. ಹಾಕಿದವಳು ನಾನೇ. ಕಲಬುರಗಿ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಈಗ ಆ ಕಣ್ಣಿಗೆ ಬೆಳಕು ಬಂದದ್ದು ಹೋದದ್ದು ಮಾತ್ರ ಗೊತ್ತಾಗುತ್ತದೆ.

ನಾನು ಕಾಮರ್ಸ್ ಓದುವವಳು. ಆದರೂ ಅಲ್ಲಿಯ ಡಾಕ್ಟರು ಹೇಳಿದ್ದನ್ನು, ಆಮೇಲೆ ನಾನು ಓದಿದ್ದನ್ನು ಇಲ್ಲಿ ಬರೆಯಲೇಬೇಕು. ಕಣ್ಣಿನ ಒಳಗೆ ಬ್ಯಾಕ್ಟೀರಿಯಾ ಸೇರಿ ಸೋಂಕಾದರೆ ಅದಕ್ಕೆ ಎಂಡಾಫ್ಥಲ್ಮೈಟಿಸ್ ಎಂದು ಹೆಸರು. ರಕ್ತಕ್ಕೂ ಕಣ್ಣಿನ ಒಳಭಾಗಕ್ಕೂ ನಡುವೆ ಒಂದು ತಡೆ ಇರುವುದರಿಂದ ನುಂಗಿದ ಮಾತ್ರೆ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ಡ್ರಾಪ್ಸ್ ಕಣ್ಣಿನ ಹಿಂಭಾಗ ಮುಟ್ಟುವುದಿಲ್ಲ. ಕಣ್ಣಿನ ಒಳಗೇ ಇಂಜೆಕ್ಷನ್ ಕೊಡಬೇಕು. ಸಾಮಾನ್ಯವಾಗಿ ಕೊಡುವುದು ವ್ಯಾಂಕೋಮೈಸಿನ್ 1 ಮಿಲಿಗ್ರಾಂ, ಸೆಫ್ಟಾಜಿಡಿಮ್ 2.25 ಮಿಲಿಗ್ರಾಂ. ಒಂದೊಂದೂ 0.1 ಮಿಲಿಲೀಟರ್, ಅಂದರೆ ಒಂದೆರಡು ಹನಿ! ಅಮೆರಿಕದಲ್ಲಿ 420 ರೋಗಿಗಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಇಂಜೆಕ್ಷನ್ ಜೊತೆಗೆ ರಕ್ತನಾಳದ ಮೂಲಕವೂ ಆಂಟಿಬಯಾಟಿಕ್ ಕೊಟ್ಟಾಗ ದೃಷ್ಟಿಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲೂ ಇದು ಆಗುತ್ತದೆ. 2019ರ ಜುಲೈ 9ರಂದು ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಪೊರೆಯ ಆಪರೇಷನ್ ಮಾಡಿಸಿಕೊಂಡ 24 ಜನರಿಗೆ ಸೋಂಕಾಯಿತು, ಹಲವರ ದೃಷ್ಟಿ ಹೋಯಿತು. ಆಪರೇಷನ್‌ನಲ್ಲಿ ಬಳಸಿದ ಜೆಲ್‌ನಲ್ಲೇ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತೆಂದು ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮ ಅಕೌಂಟೆನ್ಸಿ ಕ್ಲಾಸಿನಲ್ಲಿ ಸ್ಟಾಕ್ ರಿಜಿಸ್ಟರ್ ಎಂದರೆ ಎಲ್ಲರೂ ಆಕಳಿಸುತ್ತೇವೆ. ಔಷಧದ ಬ್ಯಾಚ್ ನಂಬರ್ ಬರೆದಿಡುವುದೂ ಒಂದು ರಿಜಿಸ್ಟರೇ ಅಲ್ಲವೇ?

ಇದನ್ನೆಲ್ಲ ಕೇಳಿ ಓಣಿಯ ಹಿರಿಯರು ಕ್ಯಾಂಪೇ ಬೇಡ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕ್ಯಾಂಪ್ ನಿಂತರೆ ಎಷ್ಟೋ ಜನ ಪೊರೆಯಿಂದಲೇ ಕುರುಡಾಗುತ್ತಾರೆ, ಸೋಂಕು ಆಗುವುದು ಅಪರೂಪ. ಆಪರೇಷನ್ ಮುಂಚೆ ಕಣ್ಣಿಗೆ ಪೊವಿಡೋನ್ ಅಯೋಡಿನ್ ಹಾಕುವುದು, ಮುಗಿದ ಮೇಲೆ ಒಳಗೆ ಆಂಟಿಬಯಾಟಿಕ್ ಬಿಡುವುದು ಅದನ್ನು ಇನ್ನೂ ಕಡಿಮೆ ಮಾಡುತ್ತವೆ.

ನನ್ನ ತಕರಾರು ಬೇರೆ. ಕರೆದುಕೊಂಡು ಹೋಗಲು ಗಾಡಿ ಬರುತ್ತದೆ, ಕಣ್ಣು ಕೆಂಪಾದಾಗ ಬರುವುದಿಲ್ಲ. ನಾನಿಗೆ ಕೊಟ್ಟ ಚೀಟಿ ಇಂಗ್ಲಿಷಿನಲ್ಲಿತ್ತು. ನಮ್ಮೂರಲ್ಲಿ ಉರ್ದು, ಕನ್ನಡ, ತೆಲುಗು, ಲಂಬಾಣಿ ಎಲ್ಲ ಮಾತಾಡುತ್ತಾರೆ. ನೋವು, ಕೆಂಪು, ಮಸುಕು ಕಂಡರೆ ಅದೇ ದಿನ ಫೋನ್ ಮಾಡಿ ಎಂದು ನಮ್ಮ ಭಾಷೆಗಳಲ್ಲಿ ಬರೆದ ಒಂದು ಕಾರ್ಡು, ಎತ್ತಿಕೊಳ್ಳುವ ಒಂದು ನಂಬರು, ವಾಪಸ್ ಕರೆದೊಯ್ಯುವ ಗಾಡಿ. ಇವಿಲ್ಲದೆ ಕ್ಯಾಂಪ್ ಮಾಡಬಾರದು. ಮೆಡಿಕಲ್ ಶಾಪಿನವರೂ ಆಪರೇಷನ್ ಆದ ಕಣ್ಣು ಎಂದು ಕೇಳಿದ ಕೂಡಲೇ ಡ್ರಾಪ್ಸ್ ಕೊಡದೆ ಆಸ್ಪತ್ರೆಗೆ ಕಳಿಸಬೇಕು.

ಎಡಗಣ್ಣಿನ ಆಪರೇಷನ್‌ಗೆ ನಾನಿ ಇನ್ನೂ ಹೂಂ ಅಂದಿಲ್ಲ. ಮಾಮು ಕಲಬುರಗಿ ಬಸ್ಸಿನ ಟೈಮನ್ನು ಅಡುಗೆಮನೆ ಗೋಡೆಯ ಮೇಲೆ ಈಗಲೇ ಬರೆದಿಟ್ಟಿದ್ದಾರೆ.