ಹೆಸರು ಉದ್ದಲ್ಲ, ಕಾಯುವುದಿಲ್ಲ

ಹೆಸರು, ಉದ್ದು ಎರಡಕ್ಕೂ ಹಳದಿ ಹೂವು, ಮೂರು ಎಲೆ. ಹೂ ಬಿಟ್ಟಾಗ ಪೇಟೆಯವರಿಗೆ ಯಾವುದು ಯಾವುದೆಂದು ತಿಳಿಯದು. ಕಾಯಿ ಕಟ್ಟಿದ ಮೇಲೆ ನೋಡಬೇಕು. ಹೆಸರಿನ ಕಾಯಿ ತೆಳ್ಳಗೆ, ನೀಳವಾಗಿ ಚಾಚಿಕೊಳ್ಳುತ್ತದೆ. ಉದ್ದಿನದು ಗಿಡ್ಡ, ಮೈತುಂಬ ಒರಟು ರೋಮ, ಮುಖ ಮೇಲಕ್ಕೆ. ಕಪ್ಪು ಕಾಳಿನ ಮೇಲೆ ಬಿಳಿ ಕಣ್ಣು ಎದ್ದು ಕಾಣುತ್ತದೆ. ಉದ್ದಿಗೆ ಲೋಳೆಯುಂಟು, ಅದಕ್ಕೇ ಇಡ್ಲಿಹಿಟ್ಟು ಉಬ್ಬುತ್ತದೆ. ನಮ್ಮತ್ತೆ ಹೆಸರಿನಲ್ಲೂ ಇಡ್ಲಿ ಮಾಡುತ್ತಾರೆ, ಹೊಗಳುವುದು ಕಷ್ಟ.

ನನ್ನ ತಕರಾರು ಅಡುಗೆಮನೆಯದಲ್ಲ. ನಮ್ಮ ಗದಗ ಸೀಮೆಯ ಎರೆಹೊಲದಲ್ಲಿ ಮುಂಗಾರಿ ಹೆಸರು ಸುಮಾರು 70 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಕಾಯಿ ಒಮ್ಮೆಲೇ ಮಾಗುವುದಿಲ್ಲ, ಎರಡು ಮೂರು ಸಲ ಬಿಡಿಸಬೇಕು. ಅಷ್ಟರಲ್ಲಿ ಜಡಿಮಳೆ ಹಿಡಿದರೆ ಗಿಡದ ಮೇಲೆಯೇ, ಕಾಯಿಯೊಳಗೇ ಮೊಳಕೆ! 2024-25ರಲ್ಲಿ ಹೆಸರಿನ ಬೆಂಬಲ ಬೆಲೆ ಕ್ವಿಂಟಲಿಗೆ 8,682 ರೂಪಾಯಿ, ಉದ್ದಿಗೆ 7,400. ಕಾಗದದ ಮೇಲೆ ಹೆಸರೇ ಮುಂದು. ಆದರೆ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ನಮ್ಮ ಓಣಿಯ ಸಣ್ಣ ರೈತರ ಹೆಸರು ಸಿಕ್ಕ ಬೆಲೆಗೆ ಮಾರಿಹೋಗಿರುತ್ತದೆ. ಸಾಲ ಕೊಟ್ಟವ ಕಾಯುವುದಿಲ್ಲ, ಕಾಳೂ ಕಾಯುವುದಿಲ್ಲ. ಹೆಸರಿನ ಕೇಂದ್ರಗಳನ್ನು ಆಗಸ್ಟ್‌ನಲ್ಲೇ ತೆರೆಯಿರಿ. ಪಕ್ಕದಲ್ಲಿ ಒಣಗಿಸಲು ಒಂದು ಕಣವನ್ನೂ ಕೊಡಿ.