ಬಾಟಲಿಯ ಬೆಲೆಗಿಂತ ಗುಳಿಗೆಯ ಗುಣ ಮುಖ್ಯ

ಸೊಸೆ ಗರ್ಭಿಣಿಯೆಂಬ ಸುದ್ದಿ ತಿಳಿಯುತ್ತಲೇ ಮನೆಗೆ ಸಿಹಿಯ ಜೊತೆ ಸಲಹೆಗಳೂ ಬರತೊಡಗುತ್ತವೆ. ದುಬಾಯಿಯಲ್ಲಿರುವ ಅತ್ತಿಗೆ ವಿಟಮಿನ್ ಬಾಟಲಿ ಕಳುಹಿಸುತ್ತಾರೆ. ನೆರೆಮನೆಯವರು ಇನ್ನೊಂದರ ಹೆಸರು ಹೇಳುತ್ತಾರೆ. ಔಷಧಿ ಅಂಗಡಿಯವನು ದುಬಾರಿಯಾದುದನ್ನೇ ಮುಂದಿಡುತ್ತಾನೆ. ಊರಿನಲ್ಲಿರುವ ತಾಯಿ, ಅಜ್ಜಿಯರಿಂದ ದೂರವಾಗಿ ಮಹಾನಗರದ ಸಣ್ಣ ಕೋಣೆಯಲ್ಲಿ ಸಂಸಾರ ಹೂಡಿರುವ ನಮ್ಮ ಹೆಣ್ಣುಮಕ್ಕಳು ಯಾರ ಮಾತನ್ನು ನಂಬಬೇಕು?

ಬಸುರಿಗೆ ನಿಜಕ್ಕೂ ಬೇಕಾದುದೇನೆಂದು ಹುಡುಕಿದ ಚರಿತ್ರೆಯಲ್ಲಿ ಮುಂಬಯಿಗೂ ಸ್ಥಾನವಿದೆ. 1928ರಲ್ಲಿ ಇಲ್ಲಿಗೆ ಬಂದ ಆಂಗ್ಲ ವೈದ್ಯೆ ಲೂಸಿ ವಿಲ್ಸ್, ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿದರು. ಅಗ್ಗದ ಯೀಸ್ಟ್ ಸಾರದಿಂದ ಅದು ವಾಸಿಯಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಅದರೊಳಗಿನ ಆ ಸತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು.

ಶಿಶುವಿನ ಮೆದುಳು, ಬೆನ್ನುಹುರಿಯಾಗಬೇಕಾದ ನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಬಸುರಿಯೆಂದು ಖಚಿತವಾಗುವ ಹೊತ್ತಿಗೆ ಬಹುಮಂದಿಗೆ ಆ ಕಾಲ ಮುಗಿಯುತ್ತಾ ಬಂದಿರುತ್ತದೆ. ಆದ್ದರಿಂದ ಮಗು ಬೇಕೆಂದು ಯೋಚಿಸುವಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಆರಂಭಿಸಿ, ಮೊದಲ 12 ವಾರ ಮುಂದುವರಿಸಬೇಕು. ನಾಲ್ಕನೆಯ ತಿಂಗಳಿನಿಂದ 60 ಮಿಲಿಗ್ರಾಂ ಕಬ್ಬಿಣವೂ ಇರುವ ಗುಳಿಗೆ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಎಂಬುದು ಸರಕಾರದ ಕ್ರಮ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ.

ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 52 ಗರ್ಭಿಣಿಯರು ರಕ್ತಹೀನರು. ಮಲ ಕಪ್ಪಾಯಿತು, ಮಲಬದ್ಧತೆಯಾಯಿತು ಎಂದು ಹೆದರಿ ಗುಳಿಗೆ ಬಿಡುವವರಿದ್ದಾರೆ. ಮಲ ಕಪ್ಪಾಗುವುದು ಕಬ್ಬಿಣದ ಸಹಜ ಪರಿಣಾಮ. ತೊಂದರೆ ಹೆಚ್ಚಾದರೆ ವೈದ್ಯರಿಗೆ ಹೇಳಬೇಕೇ ಹೊರತು ತಾವಾಗಿ ನಿಲ್ಲಿಸಬಾರದು. ಚಹಾ, ಕಾಫಿ, ಕ್ಯಾಲ್ಸಿಯಂ ಗುಳಿಗೆಗಳ ಜೊತೆ ಕಬ್ಬಿಣ ಮೈಗೆ ಹತ್ತದು. ಲಿಂಬೆರಸದೊಂದಿಗೆ ಚೆನ್ನಾಗಿ ಹತ್ತುತ್ತದೆ.

ಉಚಿತವಾದುದು ಕೀಳು, ದುಬಾರಿಯಾದುದು ಮೇಲು ಎಂಬ ಭ್ರಮೆ ಬೇಡ. ಎರಡು ಬಾಟಲಿಗಳಲ್ಲೂ ಒಂದೇ ವಿಟಮಿನ್ ಇದ್ದರೆ ಪ್ರಮಾಣ ಇಮ್ಮಡಿಯಾಗುತ್ತದೆ. ರೆಟಿನಾಲ್ ರೂಪದ ಎ ವಿಟಮಿನ್ ದಿನಕ್ಕೆ 10,000 ಯೂನಿಟ್ ಮೀರಿದರೆ ಶಿಶುವಿನ ಅಂಗಾಂಗಗಳಿಗೇ ಅಪಾಯವಾಗಬಹುದು. ಶುದ್ಧ ಸಸ್ಯಾಹಾರಿಗಳಿಗೆ ಬಿ12 ಬೇಕಾದೀತು. ಮಧುಮೇಹ, ಅಪಸ್ಮಾರ ಇದ್ದವರಿಗೆ ಫೋಲಿಕ್ ಆಮ್ಲದ ಪ್ರಮಾಣವೇ ಬೇರೆ. ಇದನ್ನು ನಿರ್ಧರಿಸಬೇಕಾದವರು ವೈದ್ಯರು. ಮನೆಗೆ ಬಂದ ಬಾಟಲಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ಅವರಿಗೆ ತೋರಿಸುವುದೇ ಕ್ಷೇಮ.

ನಮ್ಮ ಸಂಘ-ಸಂಸ್ಥೆಗಳು ವೈದ್ಯಕೀಯ ಶಿಬಿರ ನಡೆಸುತ್ತಿರುವುದು ಸ್ತುತ್ಯರ್ಹ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ತಪಾಸಣೆಯ ಜೊತೆಗೆ ಯುವತಿಯರ ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ. ನವವಿವಾಹಿತೆಯರಿಗೆ ಫೋಲಿಕ್ ಆಮ್ಲದ ವಿಚಾರವನ್ನು ಮಹಿಳಾ ವಿಭಾಗದ ಹಿರಿಯರು ಸಂಕೋಚವಿಲ್ಲದೆ ತಿಳಿಸಲಿ. ಸೀಮಂತದ ದಿನ ಹಸಿರು ಬಳೆ ತೊಡಿಸುವಾಗ ಈ ಮಾತು ಹೇಳಿದರೆ ತಡವಾಗಿರುತ್ತದೆ. ಮದುವೆಯ ಅರಸಿನ-ಕುಂಕುಮದ ಜೊತೆಗೇ ಹೇಳಬೇಕು.