ಹಿಂದಿನ ಸಾಲಿನ ಮಕ್ಕಳಿಗೆ ಹಬ್ಬ ಯಾವಾಗ?

ನವೆಂಬರ್ ಬಂತೆಂದರೆ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಕಟ್ಟಿದ ತೋರಣ ಬಿಚ್ಚಲು ಪುರುಸೊತ್ತಿರುವುದಿಲ್ಲ. 1ರಂದು ರಾಜ್ಯೋತ್ಸವ, 14ರಂದು ಮಕ್ಕಳ ದಿನಾಚರಣೆ, ಅದರ ಹಿಂದೆಮುಂದೆ ಪ್ರತಿಭಾ ಕಾರಂಜಿ, ಮಕ್ಕಳ ಸಂತೆ, ಆಟೋಟ. ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ ಈಗೀಗ ‘ಸಪ್ತಾಹ’ ಎಂದು ಕರೆಯುವ ರೂಢಿ ಬಂದಿದೆ. ಸೋಮವಾರ ಛದ್ಮವೇಷ, ಮಂಗಳವಾರ ಕಂಠಪಾಠ, ಬುಧವಾರ ಓಟದ ಸ್ಪರ್ಧೆ, ಗುರುವಾರ ಸಂತೆ, ಶುಕ್ರವಾರ ಕುಣಿತ, ಶನಿವಾರ ಸಮಾರೋಪ. ಕಲಿಕೆಯೂ ಆಯಿತು, ಸಂಭ್ರಮವೂ ಆಯಿತು ಎಂದು ವರದಿಯಲ್ಲಿ ಬರೆಯುತ್ತೇವೆ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ಇಂಥ ವಾರಗಳನ್ನು ವರ್ಷ ವರ್ಷವೂ ನೋಡುತ್ತ ಬಂದಿರುವ ನನಗೆ ಅನ್ನಿಸುವುದು ಬೇರೆ. ಈ ವಾರದಲ್ಲಿ ಕಲಿಕೆ ಕಡಿಮೆ. ಸಂಭ್ರಮ ಇರುತ್ತದೆ, ಆದರೆ ಅದು ಮಕ್ಕಳದ್ದಲ್ಲ.

ಹಬ್ಬ ಬೇಡ ಎನ್ನುವವನಲ್ಲ ನಾನು. ಆರೇಳು ವರ್ಷದ ಮಗು ಬಣ್ಣ, ಹಾಡು, ಗದ್ದಲ ಇಲ್ಲದೆ ಏನನ್ನೂ ಕಲಿಯುವುದಿಲ್ಲ ಎಂದು ಗೊತ್ತಿರುವವನು. ನನ್ನ ತಕರಾರು ಇರುವುದು ಮಗುವನ್ನು ತೋರಣದ ಹಾಗೆ ಕಟ್ಟಿ ನೇತುಹಾಕುವ ಹಬ್ಬದ ಮೇಲೆ.

ಮೊದಲು ಒಂದು ಸಣ್ಣ ಲೆಕ್ಕ. ನನ್ನ ತರಗತಿಯಲ್ಲಿ 28 ಮಕ್ಕಳು. ಕಳೆದ ಬಾರಿ ಆರು ದಿನವೂ ಹಾಜರಿ ಪುಸ್ತಕದ ಪಕ್ಕ ಒಂದು ಹಾಳೆ ಇಟ್ಟುಕೊಂಡು ಗುರುತು ಹಾಕುತ್ತ ಹೋದೆ. ವೇದಿಕೆ ಹತ್ತಿದವರು 9 ಮಂದಿ. ಬಹುಮಾನ ಪಡೆದವರು 5. ಆ ಐವರೂ ಓದು ಬರಹ ಸರಾಗವಾಗಿ ಬಲ್ಲವರು, ಮನೆಯಲ್ಲಿ ಕೂರಿಸಿಕೊಂಡು ಹೇಳಿಕೊಡುವವರು ಇರುವವರು. ಉಳಿದ 19 ಮಕ್ಕಳು ಆರು ದಿನವೂ ಮಾಡಿದ ಕೆಲಸ ಒಂದೇ: ಚಪ್ಪಾಳೆ ತಟ್ಟುವುದು. ಅದನ್ನೂ ‘ಜೋರಾಗಿ’ ಎಂದು ಹೇಳಿಸಿಕೊಂಡು ತಟ್ಟಿದರು. ಪಟ್ಟಿ ತಯಾರಾಗುವ ಹೊತ್ತಿಗೆ ‘ಗೆಲ್ಲುವ ಮಕ್ಕಳ ಹೆಸರೇ ಹಾಕಿ ಸಾರ್, ಶಾಲೆಗೆ ಹೆಸರು ಬರಲಿ’ ಎಂಬ ಮಾತು ಬರುತ್ತದೆ. ಅದರ ಎದುರು ಯಾವ ಮೇಷ್ಟ್ರ ವಾದವೂ ನಿಲ್ಲುವುದಿಲ್ಲ.

ಛದ್ಮವೇಷದ ಸಂಗತಿ ನೋಡಿ. ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಇವರೆಲ್ಲ ತಾಲ್ಲೂಕು ಪೇಟೆಯಲ್ಲಿ ಬಾಡಿಗೆಗೆ ಸಿಗುತ್ತಾರೆ. ಕೂಲಿಗೆ ಹೋಗುವ ತಾಯಿ ಅರ್ಧ ದಿನದ ಕೂಲಿ ಬಿಟ್ಟು, ಬಸ್ಸಿಗೆ ಕೊಟ್ಟು, ಬಾಡಿಗೆ ತೆತ್ತು ಆ ಬಟ್ಟೆ ತರಬೇಕು. ಮಗು ವೇದಿಕೆಯ ಮೇಲೆ ಒಂದು ನಿಮಿಷ ನಿಂತು, ಬಾಯಿಪಾಠ ಮಾಡಿಸಿದ ಎರಡು ಸಾಲು ಕೂಗಿ ಇಳಿಯುತ್ತದೆ. ಓಬವ್ವ ಯಾವ ಕೋಟೆಯವಳು, ಒನಕೆಯನ್ನು ಯಾಕೆ ಎತ್ತಿದಳು ಎಂದು ಕೇಳಿದರೆ ಗೊತ್ತಿರುವುದಿಲ್ಲ. ಒಂದು ವರ್ಷ ರೈತನ ವೇಷಕ್ಕೆ ಇಬ್ಬರು ಹುಡುಗರು ಬಂದರು. ಒಬ್ಬ ಬಾಡಿಗೆಯ ಬಿಳಿ ಪಂಚೆ, ಹೊಸ ಹಸಿರು ಶಾಲು, ಅಂಟಿಸಿದ ಮೀಸೆ, ರಟ್ಟಿನ ನೇಗಿಲು. ಇನ್ನೊಬ್ಬ ಅಪ್ಪನದೇ ಟವಲನ್ನು ತಲೆಗೆ ಸುತ್ತಿ, ಮನೆಯ ಕುಡುಗೋಲು ಹಿಡಿದು ಬಂದಿದ್ದ. ಕುಡುಗೋಲನ್ನು ಅಪಾಯ ಎಂದು ಬಾಗಿಲಲ್ಲೇ ತೆಗೆದಿರಿಸಲಾಯಿತು. ಬಹುಮಾನ ರಟ್ಟಿನ ನೇಗಿಲಿಗೆ ಹೋಯಿತು. ತೀರ್ಪುಗಾರರ ಕಾರಣ, ‘ಈ ಹುಡುಗ ವೇಷ ಹಾಕಿಲ್ಲ.’ ಅದು ನಿಜವೂ ಹೌದು. ಅವನು ವೇಷ ಹಾಕಿರಲಿಲ್ಲ. ನಿಜವಾದ ರೈತನ ಮಗನನ್ನು ರೈತನೆಂದು ಗುರುತಿಸಲಾರದ ಹಬ್ಬ ಏನನ್ನು ಕಲಿಸುತ್ತದೆ ಎಂದು ನಾನು ಇವತ್ತಿಗೂ ಕೇಳುತ್ತಿದ್ದೇನೆ.

ಇನ್ನು ಫೋಟೋ. ಮೊದಲೆಲ್ಲ ಹಬ್ಬ ಮುಗಿದ ಮೇಲೆ ಒಂದು ಫೋಟೋ ತೆಗೆಯುತ್ತಿದ್ದರು. ಈಗ ಫೋಟೋ ತೆಗೆದಾದ ಮೇಲೆ ಹಬ್ಬ ಮುಗಿಯುತ್ತದೆ. ಬ್ಯಾನರ್ ಕಾಣಬೇಕು, ದಿನಾಂಕ ಕಾಣಬೇಕು, ಅತಿಥಿ ಕಾಣಬೇಕು, ಮಕ್ಕಳು ನಗುತ್ತಿರಬೇಕು. ಮಧ್ಯಾಹ್ನದೊಳಗೆ ವಾಟ್ಸಾಪ್ ಗುಂಪಿಗೆ ಹಾಕದಿದ್ದರೆ ‘ನಿಮ್ಮ ಶಾಲೆಯದು ಬಂದಿಲ್ಲ’ ಎಂಬ ಸಂದೇಶ ಬರುತ್ತದೆ. ಆ ಒಂದು ಚಿತ್ರಕ್ಕಾಗಿ ಮಕ್ಕಳು ಬಿಸಿಲಲ್ಲಿ ಸಾಲಾಗಿ ಕೂತಿರುತ್ತಾರೆ. ಅತಿಥಿಗಳು ತಡವಾಗಿ ಬರುವುದು ಸಂಪ್ರದಾಯ. ಅಷ್ಟರಲ್ಲಿ ಒಳಗೆ ಬಿಸಿಯೂಟ ತಣ್ಣಗಾಗುತ್ತದೆ. ಮಕ್ಕಳ ದಿನದಂದು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವವರು ದೊಡ್ಡವರು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

‘ಒಂದು ವಾರ ತಾನೆ, ಅದಕ್ಕೇಕೆ ಇಷ್ಟು ಸಿಟ್ಟು?’ ಎನ್ನುವವರಿದ್ದಾರೆ. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆಗಳ ಬೋಧನೆ ನಡೆಯಬೇಕು. ದಿನಕ್ಕೆ 4 ಗಂಟೆಯಂತೆ ಆರು ದಿನಕ್ಕೆ 24 ಗಂಟೆ. 800ರಲ್ಲಿ 24 ಎಂದರೆ ನೂರಕ್ಕೆ ಮೂರು ಪಾಲು. ಹೌದು, ದೊಡ್ಡದೇನಲ್ಲ. ಆದರೆ ವಾರ ಆರೇ ದಿನ ಇರುವುದಿಲ್ಲ. ಅದಕ್ಕೆ ಮುಂಚೆ ಕುಣಿತದ ತಾಲೀಮು ಇರುತ್ತದೆ. ತಾಲೀಮಿಗೆ ಹೋಗುವ ಒಂಬತ್ತು ಮಕ್ಕಳ ಜೊತೆ ಟೀಚರೂ ಹೋಗುತ್ತಾರೆ. ಉಳಿದವರು ತರಗತಿಯಲ್ಲಿ ‘ಗಲಾಟೆ ಮಾಡದೆ’ ಕೂರುತ್ತಾರೆ. ಒಬ್ಬಿಬ್ಬರೇ ಮೇಷ್ಟ್ರಿರುವ ಶಾಲೆಯಲ್ಲಿ ಅಷ್ಟು ದಿನ ಪಾಠದ ಬಾಗಿಲು ಮುಚ್ಚಿದಂತೆಯೇ. ಹಾಗೆ ಕೂತವರಲ್ಲೇ ಒತ್ತಕ್ಷರ ಕೂಡಿಸಲು ತಡವರಿಸುವ ಮಕ್ಕಳು ಹೆಚ್ಚು. ಪಾಠ ತಪ್ಪಿದ್ದೂ ಅವರಿಗೇ, ವೇದಿಕೆ ತಪ್ಪಿದ್ದೂ ಅವರಿಗೇ.

‘ಹಾಗಾದರೆ ಇದನ್ನೆಲ್ಲ ನಿಲ್ಲಿಸಿ ಪಾಠ ಮಾಡಿ’ ಎಂದು ಇನ್ನೊಂದು ಕಡೆಯಿಂದ ದನಿ ಬರುತ್ತದೆ. ಆ ಮಾತೂ ನನಗೆ ಒಪ್ಪಿಗೆಯಿಲ್ಲ. ಪಾಠ ಬೇರೆ, ಸಂಭ್ರಮ ಬೇರೆ ಎಂದು ಎರಡು ಬುಟ್ಟಿ ಮಾಡಿಕೊಂಡದ್ದರಿಂದಲೇ ಈ ಅವಸ್ಥೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳಲ್ಲಿ ನಡೆಯುತ್ತಿದ್ದ ಪ್ರಯೋಗವನ್ನು ನೋಡಿ ಬಂದ ಮೇಷ್ಟ್ರುಗಳು ಅದನ್ನು ನಮ್ಮ ಮಣ್ಣಿಗೆ ಹೊಂದಿಸಿದರು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು ಹಿಡಿದು, ಹಾಡುತ್ತ ಆಡುತ್ತ, ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುವ ವಿಧಾನ ಅದು. ಹೆಸರಿನಲ್ಲೇ ‘ನಲಿ’ ಮೊದಲು ಬರುತ್ತದೆ. ನಲಿಯುವುದಕ್ಕೆ ಅಲ್ಲಿ ಬೇರೆ ವಾರ ಇರಲಿಲ್ಲ. ಸೋಮವಾರದ ಸಾಮಾನ್ಯ ಬೆಳಿಗ್ಗೆಯಲ್ಲೇ ನಲಿವು ಇರಬೇಕಿತ್ತು. ದಿನದಿನದ ತರಗತಿಯಲ್ಲಿ ಅದು ಬತ್ತುತ್ತ ಬಂದಂತೆ ನವೆಂಬರಿನಲ್ಲಿ ಒಂದು ವಾರ ಟ್ಯಾಂಕರಿನಲ್ಲಿ ತಂದು ಸುರಿಯುತ್ತಿದ್ದೇವೆ.

ಮಕ್ಕಳ ಸಂತೆಯನ್ನೇ ತೆಗೆದುಕೊಳ್ಳಿ. ವಾರದಲ್ಲಿ ನನಗೆ ನಿಜವಾಗಿ ಇಷ್ಟವಾಗುವ ದಿನ ಅದು. ಮೂರನೇ ತರಗತಿಯ ಹುಡುಗಿಯೊಬ್ಬಳು ಮೆಂತ್ಯ ಸೊಪ್ಪು ತಂದಿದ್ದಳು. ಕಟ್ಟಿಗೆ 10 ರೂಪಾಯಿ, ಮೂರು ಕಟ್ಟು ತೆಗೆದುಕೊಂಡರೆ 25. ಒಬ್ಬರು ಮೂರು ಕಟ್ಟು ಎತ್ತಿಕೊಂಡು 50ರ ನೋಟು ಕೊಟ್ಟರು. ಕಣ್ಣು ಮಿಟುಕಿಸುವುದರೊಳಗೆ ಚಿಲ್ಲರೆ ಎಣಿಸಿ ಕೊಟ್ಟು, ‘ಇನ್ನೊಂದು ಕಟ್ಟು ತಗೊಳ್ಳಿ, ಎಂಟಕ್ಕೆ ಕೊಡ್ತೀನಿ’ ಎಂದು ವ್ಯಾಪಾರ ಮುಂದುವರಿಸಿದಳು. ಇದೇ ಹುಡುಗಿಯ ನೋಟ್‌ಬುಕ್ಕಿನಲ್ಲಿ 50ರಿಂದ 25 ಕಳೆಯುವ ಲೆಕ್ಕಕ್ಕೆ ತಪ್ಪು ಗುರುತು ಬಿದ್ದಿತ್ತು. ಅವಳಿಗೆ ಕಳೆಯುವುದು ಬರುತ್ತದೆ. ಬರದೆ ಇರುವುದು ನಾವು ಪುಸ್ತಕದಲ್ಲಿ ಬರೆಯುವ ಕಳೆಯುವ ರೀತಿ. ಎರಡರ ನಡುವೆ ಸೇತುವೆ ಕಟ್ಟಬೇಕಾದ ಮುಂದಿನ ಸೋಮವಾರ ಏನಾಗುತ್ತದೆ? ಸಂತೆಯ ವರದಿ ಕಳಿಸಿಯಾಗಿರುತ್ತದೆ. ಬೋರ್ಡಿನ ಮೇಲೆ ಮುಂದಿನ ಪಾಠದ ಹೆಸರು ಇರುತ್ತದೆ. ಗುರುವಾರ ಸೊಪ್ಪು ಮಾರಿದ ಜಾಣೆ ಸೋಮವಾರ ಮತ್ತೆ ದಡ್ಡಿಯಾಗುತ್ತಾಳೆ. ಹಬ್ಬ ಮತ್ತು ತರಗತಿ ಒಂದಕ್ಕೊಂದು ಮಾತನಾಡುವುದಿಲ್ಲ. ಎಲ್ಲ ರೋಗದ ಬೇರು ಇದೇ.

ಈ ಬೇರ್ಪಡಿಕೆ ನಮ್ಮೊಂದು ಶಾಲೆಯದಲ್ಲ. 2024ರ ಜುಲೈ 22ರಿಂದ 28ರವರೆಗೆ ಕೇಂದ್ರ ಶಿಕ್ಷಣ ಸಚಿವಾಲಯ ರಾಷ್ಟ್ರೀಯ ಶಿಕ್ಷಣ ನೀತಿಗೆ ನಾಲ್ಕು ವರ್ಷ ತುಂಬಿದ ನೆಪದಲ್ಲಿ ‘ಶಿಕ್ಷಾ ಸಪ್ತಾಹ’ ನಡೆಸಿತು. ದಿನಕ್ಕೊಂದು ವಿಷಯ. ಕ್ರೀಡೆಗೆ ಒಂದು ದಿನ, ಸಂಸ್ಕೃತಿಗೆ ಒಂದು ದಿನ, ಎರಡನೆಯ ದಿನ ಬುನಾದಿ ಅಕ್ಷರ ಮತ್ತು ಸಂಖ್ಯಾಜ್ಞಾನಕ್ಕೆ. ಓದು-ಲೆಕ್ಕಕ್ಕೆ ಒಂದು ದಿನ! ಅನ್ನಕ್ಕೆ ಒಂದು ದಿನ, ನೀರಿಗೆ ಒಂದು ದಿನ ಎಂದ ಹಾಗೆ. ನಮ್ಮ ರಾಜ್ಯದ ಕಲಿಕಾ ಹಬ್ಬ ಮೊದಲು ಬಂದಾಗ ನಾನು ಖುಷಿಪಟ್ಟಿದ್ದೆ. ‘ಊರು ತಿಳಿಯೋಣ’, ‘ಕಾಗದ-ಕತ್ತರಿ’, ‘ಮಾಡು-ಆಡು’ ಎಂಬ ಮೂಲೆಗಳಿದ್ದವು. ಮಕ್ಕಳು ಊರಿನ ಹಿರಿಯರನ್ನು ಮಾತನಾಡಿಸಿ, ಕೈಯಾರೆ ಟೋಪಿ ಮಾಡಿಕೊಂಡು ಹಾಕಿಕೊಂಡಿದ್ದರು. ಅಲ್ಲಿ ಗೆಲ್ಲಲು ಏನೂ ಇರಲಿಲ್ಲ, ಮಾಡಲು ಬಹಳ ಇತ್ತು. ಈಚೆಗೆ ಅದರೊಳಕ್ಕೂ ಗಟ್ಟಿ ಓದು, ಕೈಬರಹ, ರಸಪ್ರಶ್ನೆ ಎಂದು ಸ್ಪರ್ಧೆ ನುಗ್ಗಿದೆ. ಗಟ್ಟಿ ಓದಿನ ಸ್ಪರ್ಧೆಗೆ ಶಾಲೆ ಯಾರನ್ನು ಕಳಿಸುತ್ತದೆ? ಓದಲು ಬರುವವರನ್ನು. ಓದಲು ಬಾರದ ಮಗು ಆ ದಿನ ಶಾಲೆಯಲ್ಲೇ ಉಳಿಯುತ್ತದೆ. ಓದು ಕಲಿಸುವ ಹಬ್ಬಕ್ಕೆ ಓದು ಕಲಿತವರಿಗಷ್ಟೇ ಆಮಂತ್ರಣ!

‘ಸ್ಪರ್ಧೆಯಿಲ್ಲದೆ ಪ್ರತಿಭೆ ಹೊರಬರುವುದು ಹೇಗೆ?’ ಎನ್ನುತ್ತಾರೆ. ಅವರಿಗೆ ನಾನು ‘ತೊತ್ತೋಚಾನ್’ ನೆನಪಿಸುತ್ತೇನೆ. ತೆತ್ಸುಕೋ ಕುರೊಯಾನಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದು 1981ರಲ್ಲಿ ಜಪಾನಿನಲ್ಲಿ ಪ್ರಕಟವಾದ, ಕನ್ನಡಕ್ಕೂ ಬಂದಿರುವ ಪುಸ್ತಕ. ಆ ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿ ಕ್ರೀಡಾಕೂಟಕ್ಕೆ ಎಲ್ಲೂ ಇಲ್ಲದ ಆಟಗಳನ್ನು ತಾವೇ ಕಟ್ಟಿದರು. ಬಟ್ಟೆಯ ಮೀನಿನ ಹೊಟ್ಟೆಯೊಳಗೆ ನುಸುಳುವುದು, ಮೆಟ್ಟಿಲು ಹತ್ತಿ ಇಳಿದು ಓಡುವುದು, ಇಂಥವು. ಬೆಳವಣಿಗೆ ನಿಂತು ಕೈಕಾಲು ಗಿಡ್ಡವಾಗಿದ್ದ ತಾಕಾಹಾಶಿ ಎಂಬ ಹುಡುಗ ಎಲ್ಲದರಲ್ಲೂ ಮೊದಲು ಬಂದ. ಬೇರೆ ಯಾವ ಶಾಲೆಯಲ್ಲಾದರೂ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದ ಹುಡುಗ ಅವನು. ಬಹುಮಾನವಾಗಿ ಕೊಟ್ಟದ್ದು ಕಪ್ಪೂ ಅಲ್ಲ, ಶೀಲ್ಡೂ ಅಲ್ಲ. ಮೂಲಂಗಿ, ಸೊಪ್ಪು, ತರಕಾರಿ. ಮನೆಗೆ ಒಯ್ದು ಅಮ್ಮನ ಕೈಯಲ್ಲಿ ಅಡುಗೆ ಮಾಡಿಸಿ, ನಿಮ್ಮ ದುಡಿಮೆಯಲ್ಲಿ ಮನೆಮಂದಿಯೆಲ್ಲ ಉಣ್ಣಿ ಎಂದರು ಆ ಮೇಷ್ಟ್ರು. ಮಗುವನ್ನು ಆಟಕ್ಕೆ ತಕ್ಕಂತೆ ಆರಿಸದೆ, ಆಟವನ್ನು ಮಗುವಿಗೆ ತಕ್ಕಂತೆ ಕಟ್ಟಿದರು. ಇದಕ್ಕೆ ದುಡ್ಡು ಬೇಕಿರಲಿಲ್ಲ. ಕೊನೆಯ ಮಗು ಯಾರು ಎಂಬುದು ಗೊತ್ತಿರಬೇಕಿತ್ತು, ಅಷ್ಟೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಒಂದನೇ ತರಗತಿಯಿಂದ ಐದರವರೆಗೆ ಹಬ್ಬದ ವಾರದಲ್ಲಿ ಆಯ್ಕೆ ಇರಬಾರದು. 28 ಮಕ್ಕಳಿದ್ದರೆ 28 ಮಂದಿಗೂ ಒಂದೊಂದು ಕೆಲಸ ಇರಬೇಕು. ಬಾಡಿಗೆ ವೇಷ ಬೇಡ. ಮನೆಯಿಂದ ಒಂದು ವಸ್ತು ತರಲಿ, ಅದರ ಕತೆ ಹೇಳಲಿ. ಕುಡುಗೋಲು ತಂದವನಿಗೆ ಅದನ್ನು ಮಸೆಯುವುದು ಹೇಗೆಂದು ವಿವರಿಸುವ ಅವಕಾಶ ಸಿಗಲಿ. ಲಂಬಾಣಿ, ತುಳು, ಉರ್ದು, ತೆಲುಗು ಮಾತನಾಡುವ ಮನೆಯ ಮಕ್ಕಳು ತಮ್ಮ ಮನೆಮಾತಿನ ಒಂದೊಂದು ಪದ ತಂದು ಗೋಡೆಗೆ ಅಂಟಿಸಲಿ, ಕನ್ನಡದ ಪದದ ಪಕ್ಕದಲ್ಲೇ. ರಾಜ್ಯೋತ್ಸವಕ್ಕೆ ಅದಕ್ಕಿಂತ ಒಳ್ಳೆಯ ಅಲಂಕಾರ ನನಗೆ ಗೊತ್ತಿಲ್ಲ. ಸಂತೆಯ ಮರುದಿನ ಪ್ರತಿ ಮಗುವೂ ತನ್ನ ಲಾಭ-ನಷ್ಟವನ್ನು ತಾನೇ ಬರೆಯಲಿ, ಅದೇ ಆ ದಿನದ ಗಣಿತದ ಪಾಠವಾಗಲಿ. ವರದಿ ಕೇಳುವವರು ಫೋಟೋ ಕೇಳುವ ಬದಲು ಒಂದು ಪ್ರಶ್ನೆ ಕೇಳಲಿ: ಈ ವಾರ ಮೊದಲ ಸಲ ಬಾಯಿಬಿಟ್ಟ ಮಗು ಯಾವುದು?

ಸಾಹಿತ್ಯ ಓದುವ, ಬರೆಯುವ, ಕಾಲೇಜಿನಲ್ಲಿ ಕಲಿಯುವ ನಿಮಗೇಕೆ ಇದನ್ನೆಲ್ಲ ಹೇಳುತ್ತಿದ್ದೇನೆಂದರೆ, ಆ ನೆರಳಿನ ಕುರ್ಚಿಗೆ ನಾಳೆ ಕರೆಯುವುದು ನಿಮ್ಮನ್ನೇ. ಕಂಠಪಾಠಕ್ಕೆ ತೀರ್ಪುಗಾರರು ಬೇಕು, ಸಮಾರೋಪಕ್ಕೆ ‘ನಮ್ಮೂರಿನ ಕವಿ’ ಬೇಕು. ಕರೆದಾಗ ಖಂಡಿತ ಬನ್ನಿ. ಹೊತ್ತಿಗೆ ಸರಿಯಾಗಿ ಬನ್ನಿ. ಶಾಲು, ಹಾರ ಬೇಡ ಎನ್ನಿ. ಒಂದು, ಎರಡು, ಮೂರು ಎಂದು ಅಂಕ ಹಾಕುವ ಹಾಳೆ ಕೊಟ್ಟರೆ ಅದನ್ನು ವಾಪಸು ಕೊಡಿ. ಜೇಬಿನಲ್ಲಿ ಒಂದು ಒಳ್ಳೆಯ ಮಕ್ಕಳ ಕತೆ ಇಟ್ಟುಕೊಂಡು ಬನ್ನಿ. ಮುಂದಿನ ಸಾಲಿನಲ್ಲಿ ಕೈ ಎತ್ತುವವರನ್ನು ದಾಟಿಕೊಂಡು ಗೋಡೆಗೆ ಒರಗಿ ಕೂತ ಮಕ್ಕಳ ಬಳಿ ಹೋಗಿ, ಅವರ ಜೊತೆ ನೆಲದ ಮೇಲೆ ಕೂತು ಆ ಕತೆ ಓದಿ ಹೇಳಿ. ಅಷ್ಟು ಹೊತ್ತು ಫೋಟೋ ತೆಗೆಯಲು ಬಂದವರು ಕಾಯಲಿ.